ಮೈನಸ್ ನಲವತ್ತು ಡಿಗ್ರಿ, ಮಹಾಕೂಟ

ದೊಡ್ಡ ಗಾಡಿಯೊಂದು ನಮ್ಮ ಅಂಗಡಿ ಮುಂದೆ ನಿಂತರೆ, ಬಾಗಿಲು ಪೂರ್ತಿ ತೆರೆಯೋ ಮೊದಲೇ ಕೇಳಿಬರೋ ಮಾತು ಒಂದೇ: “ಗ್ಯಾಸ್ ಖಾಲಿ ಆಗೇತ್ರಿ, ತುಂಬಿ ಕೊಡ್ರಿ.” ನಲವತ್ತು ಲಕ್ಷದ ಗಾಡಿಯವರೂ ಇದನ್ನೇ ಹೇಳ್ತಾರೆ, ಒಂದು ಕೋಟಿಯ ಗಾಡಿಯವರೂ ಇದನ್ನೇ ಹೇಳ್ತಾರೆ. ಡೀಸೆಲ್ ಥರ ಎಸಿ ಗ್ಯಾಸೂ ಗಾಡಿ ಓಡಿದಷ್ಟು ಖರ್ಚಾಗುತ್ತೆ ಅನ್ನೋದು ಎಲ್ಲರ ನಂಬಿಕೆ.

ಅದು ಖರ್ಚಾಗೋ ವಸ್ತು ಅಲ್ಲ. ಮುಚ್ಚಿದ ಪೈಪುಗಳ ಒಳಗೆ ಅದೇ ಗ್ಯಾಸು ಸುತ್ತುತ್ತಲೇ ಇರುತ್ತೆ. ರಬ್ಬರ್ ಪೈಪಿನಿಂದ ವರ್ಷಕ್ಕೆ ಒಂದಿಷ್ಟು ಗ್ರಾಂ ಜಿನುಗೋದು ಬೇರೆ ಮಾತು. ಆದರೆ ಹೋದ ಬೇಸಿಗೆಯಲ್ಲಿ ತುಂಬಿಸಿದ್ದು ಈ ಬೇಸಿಗೆಗೆ ಇಲ್ಲ ಅಂದರೆ ಎಲ್ಲೋ ತೂತಿದೆ. ತೂತು ಕೊಡದಲ್ಲಿ ನೀರು ಒಯ್ಯುವವರು ಮನೆ ಮುಟ್ಟೋದರೊಳಗೆ ಮತ್ತೆ ಬಾವಿಗೆ ಬರಬೇಕು. ನಮ್ಮ ಕಸುಬಿನಲ್ಲಿ ಕೆಲವರಿಗೆ ಗಿರಾಕಿ ಹಾಗೆ ಮತ್ತೆ ಮತ್ತೆ ಬರೋದೇ ಬೇಕಾಗಿರುತ್ತೆ. ಅದನ್ನೂ ಮುಚ್ಚಿಡೋದು ಬೇಡ.

ನಾನು ಐಟಿಐನಲ್ಲಿ ಎರಡು ವರ್ಷ ಫ್ರಿಜ್, ಎಸಿ ಕೆಲಸ ಕಲಿತು, ಬೆಂಗಳೂರಿನಲ್ಲಿ ಏಳು ವರ್ಷ ದುಬಾರಿ ಗಾಡಿಗಳ ಕೆಳಗೆ ಮಲಗಿ ಕೆಲಸ ಮಾಡಿ, ಈಗ ಬಾದಾಮಿಯಲ್ಲಿ ಅಂಗಡಿ ಇಟ್ಟಿದ್ದೀನಿ. ಬಾದಾಮಿಯಲ್ಲಿ ಅಂಥ ಗಾಡಿ ಎಷ್ಟಿರುತ್ತೆ ಅಂತ ಬೆಂಗಳೂರಿನ ಗೆಳೆಯರು ನಕ್ಕಿದ್ದರು. ಇಳಕಲ್ಲಿನ ಗ್ರಾನೈಟ್ ಸಾಹುಕಾರರು, ಬಾಗಲಕೋಟೆಯ ಕಂಟ್ರ್ಯಾಕ್ಟರ್‌ಗಳು, ಮುಧೋಳ ಕಡೆಯ ಕಬ್ಬಿನ ಧಣಿಗಳು ಯಾವ ಗಾಡಿಯಲ್ಲಿ ಓಡಾಡ್ತಾರೆ ಅಂತ ಅವರಿಗೆ ಗೊತ್ತಿರಲಿಲ್ಲ. ಅದರ ಮೇಲೆ ಗುಹೆ, ಬನಶಂಕರಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ ಅಂತ ವಾರಾಂತ್ಯಕ್ಕೆ ಬರೋ ನಿಮ್ಮಂಥವರು. ಫಾರ್ಚೂನರ್ ಅಂತೂ ದಿನಾ ಕಾಣುತ್ತೆ. ಕ್ಯೂ7, ಎಕ್ಸ್5, ಜಿಎಲ್‌ಎಸ್ ಕೂಡ ಅಪರೂಪ ಏನಲ್ಲ.

ಇಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟೋದು ಹೊಸ ಸುದ್ದಿ ಅಲ್ಲ. ಬಾದಾಮಿಯ ಕೆಂಪು ಬಂಡೆ ಹಗಲಿಡೀ ಬಿಸಿಲು ಕುಡಿದು ರಾತ್ರಿ ಎಂಟು ಗಂಟೆಗೂ ಹಬೆ ಉಗುಳುತ್ತೆ. ಗುಹೆ ನೋಡೋಕೆ ಹೋದವರ ಗಾಡಿ ಬಿಸಿಲಲ್ಲಿ ಎರಡು ಗಂಟೆ ನಿಂತಿದ್ದರೆ ಡ್ಯಾಶ್‌ಬೋರ್ಡ್ ಮೇಲೆ ಕೈ ಇಡೋಕಾಗಲ್ಲ. ಮೇಲೆ ಗಾಜಿನ ಛಾವಣಿ, ಒಳಗೆ ಕರಿ ಲೆದರ್ ಸೀಟು. ಗಾಡಿಗೆ ಬೆಲೆ ಹೆಚ್ಚಾದಷ್ಟೂ ಅದು ಬಿಸಿಲು ಹಿಡಿಯೋದೂ ಹೆಚ್ಚು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಎಸಿ ಹೇಗೆ ತಂಪು ಮಾಡುತ್ತೆ ಅಂತ ಗಿರಾಕಿಗಳು ಕೇಳಿದರೆ ನಾನು ಮಹಾಕೂಟದ ಹೊಂಡ ತೋರಿಸ್ತೀನಿ. ಚಾಲುಕ್ಯರ ಕಾಲದ ಗುಡಿಗಳ ನಡುವೆ ಇರೋ ವಿಷ್ಣು ಪುಷ್ಕರಣಿಗೆ ಊಟೆ ನೀರೇ ಆಧಾರ. ಮೇ ತಿಂಗಳ ಬಿಸಿಲಲ್ಲೂ ಹುಡುಗರು ಅದರೊಳಗೆ ಜಿಗೀತಾ ಇರ್ತಾರೆ. ಮುಳುಗಿ ಮೇಲೆದ್ದು ಮೆಟ್ಟಿಲ ಮೇಲೆ ನಿಂತಾಗ ಗಾಳಿ ಬೀಸಿದರೆ ಮೈ ನಡುಗುತ್ತಲ್ಲ, ಅದೇ ಎಸಿ. ನೀರು ಆರಬೇಕಾದರೆ ಅದಕ್ಕೆ ಶಾಖ ಬೇಕು, ಆ ಶಾಖವನ್ನ ಅದು ನಮ್ಮ ಮೈಯಿಂದ ಕಿತ್ತುಕೊಳ್ಳುತ್ತೆ. ಕಾರಿನಲ್ಲಿ ನೀರಿನ ಬದಲು, ಬಯಲಲ್ಲಿಟ್ಟರೆ ಮೈನಸ್ 26 ಡಿಗ್ರಿಗೇ ಕುದಿಯೋ ಒಂದು ದ್ರವ ಇದೆ. ಹೆಸರು ಆರ್134ಎ. ಡ್ಯಾಶ್‌ಬೋರ್ಡ್ ಹಿಂದಿನ ಕೂಲಿಂಗ್ ಕಾಯಿಲ್‌ನಲ್ಲಿ ಅದು ಕುದಿದು ಆವಿಯಾಗುವಾಗ ಒಳಗಿನ ಗಾಳಿಯ ಶಾಖ ಹೀರುತ್ತೆ. ಕಂಪ್ರೆಸರ್ ಆ ಆವಿಯನ್ನ ಎಳೆದು, ಹಿಂಡಿ, ಬಿಸಿ ಮಾಡಿ, ಮುಂದಿನ ಜಾಲರಿ ಹಿಂದೆ ಇರೋ ಕಂಡೆನ್ಸರ್‌ಗೆ ನೂಕುತ್ತೆ. ಅಲ್ಲಿ ಹೊರಗಿನ ಗಾಳಿಗೆ ಶಾಖ ಬಿಟ್ಟುಕೊಟ್ಟು ಮತ್ತೆ ದ್ರವ. ಇಷ್ಟೇ ಸುತ್ತು. ಒಳಗಿನ ಶಾಖವನ್ನ ಹೊತ್ತು ಹೊರಗೆ ಹಾಕೋ ಹಮಾಲಿ ಕೆಲಸ.

ಹಾಗಾಗಿ ತಂಪು ಬರ್ತಿಲ್ಲ ಅಂದರೆ ನೂರು ಕಾರಣ ಇರಬಹುದು. ಒಳಗೆ ಶಾಖ ಹೀರೋದರಲ್ಲಿ, ದಾರಿಯಲ್ಲಿ, ಹೊರಗೆ ಇಳಿಸೋ ಜಾಗದಲ್ಲಿ, ಇಲ್ಲ “ಕೆಲಸ ಶುರು ಮಾಡು” ಅಂತ ಹೇಳೋ ಕಂಪ್ಯೂಟರ್‌ನಲ್ಲಿ. ಆ ನೂರರಲ್ಲಿ ಗ್ಯಾಸ್ ಕಡಿಮೆ ಆಗಿರೋದು ಒಂದು ಮಾತ್ರ.

ಗ್ಯಾಸ್ ಇದೆಯೋ ಇಲ್ಲವೋ ಅಂತ ಗೇಜ್ ಹಾಕಿ ನೋಡ್ತೀವಿ. ಇಲ್ಲೊಂದು ತಮಾಷೆ ಇದೆ, ಅಡುಗೆಮನೆ ಬಲ್ಲವರಿಗೆ ಬೇಗ ತಿಳಿಯುತ್ತೆ. ಎಲ್‌ಪಿಜಿ ಸಿಲಿಂಡರ್ ತುಂಬಿರಲಿ, ಅರ್ಧ ಇರಲಿ, ಒಲೆ ಉರಿ ಒಂದೇ ಥರ ಇರುತ್ತೆ. ಮುಗಿಯೋ ಕೊನೆ ಹೊತ್ತಿಗೆ ಮಾತ್ರ ಉರಿ ಬಾಡುತ್ತೆ. ಒಳಗೆ ದ್ರವ ಒಂದಿಷ್ಟು ಇರೋವರೆಗೂ ಒತ್ತಡ ನಿರ್ಧಾರ ಆಗೋದು ಉಷ್ಣತೆಯಿಂದ, ಪ್ರಮಾಣದಿಂದ ಅಲ್ಲ. ಕಾರಿನ ಎಸಿಯೂ ಹಾಗೇ. ನಿಂತ ಗಾಡಿಯಲ್ಲಿ ಆರ್134ಎ 30 ಡಿಗ್ರಿಗೆ ಸುಮಾರು 97 ಪಿಎಸ್‌ಐ, 40 ಡಿಗ್ರಿಗೆ ಸುಮಾರು 133 ತೋರಿಸುತ್ತೆ. 200 ಗ್ರಾಂ ಕಡಿಮೆ ಇದ್ದರೂ ಅಷ್ಟೇ ತೋರಿಸಬಹುದು. ಅದಕ್ಕೇ ಅಡುಗೆ ಸಿಲಿಂಡರ್ ಹಾಗೆ ಇದನ್ನೂ ತೂಕ ಮಾಡಿಯೇ ತುಂಬಬೇಕು. ನಿಮ್ಮ ಗಾಡಿಯ ಬಾನೆಟ್ ಎತ್ತಿದರೆ ಒಂದು ಚೀಟಿ ಅಂಟಿಸಿರುತ್ತೆ: ಯಾವ ಗ್ಯಾಸ್, ಎಷ್ಟು ಗ್ರಾಂ. ಗೇಜಿನ ಮುಳ್ಳು ನೋಡ್ಕೊಂಡು “ಇನ್ನೊಂದ್ ಸ್ವಲ್ಪ ಬಿಡು” ಅಂತ ತುಂಬೋರು ಆ ಚೀಟಿಯನ್ನ ಓದಿರಲ್ಲ. ಜಾಸ್ತಿ ತುಂಬಿದರೂ ತಂಪು ಕಡಿಮೆಯಾಗುತ್ತೆ, ಕಂಪ್ರೆಸರ್‌ಗೂ ಕೇಡು.

ಇಳಕಲ್ ಕಡೆಯ ಗಾಡಿಗಳ ರೋಗವೇ ಬೇರೆ. ಕ್ವಾರಿಗೆ ದಿನಾ ಹೋಗಿ ಬರೋ ಗಾಡಿಯ ಮುಂದಿನ ಜಾಲರಿ ಹಿಂದೆ ಟಾರ್ಚ್ ಹಾಕಿ ನೋಡಿದರೆ ಕಂಡೆನ್ಸರ್ ಕಾಣಲ್ಲ, ಬೂದಿ ಬಣ್ಣದ ಗೋಡೆ ಕಾಣುತ್ತೆ. ಕಲ್ಲು ಕೊಯ್ದ ಪುಡಿ, ಮಳೆಗೆ ನೆನೆದು, ಬಿಸಿಗೆ ಸುಟ್ಟು, ಸಿಮೆಂಟ್ ಆಗಿಬಿಟ್ಟಿರುತ್ತೆ. ಅಂಥವರು ಹೇಳೋ ಲಕ್ಷಣವೂ ಒಂದೇ: “ಹೈವೇದಾಗ ಹೊಂಟ್ರ ಛಲೋ ತಂಪ್ ಐತ್ರಿ, ಊರಾಗ ನಿಂತ್ರ ಬಿಸಿ ಗಾಳಿ.” ಇಷ್ಟು ಕೇಳಿದರೆ ನನಗೆ ಅರ್ಧ ಉತ್ತರ ಸಿಕ್ಕ ಹಾಗೆ. ಓಡುವಾಗ ಗಾಳಿ ತಾನಾಗೇ ನುಗ್ಗುತ್ತೆ, ನಿಂತಾಗ ಫ್ಯಾನ್ ಎಳೀಬೇಕು. ಫ್ಯಾನ್ ಸೋತಿದೆ, ಇಲ್ಲ ದಾರಿ ಮುಚ್ಚಿದೆ. ಸಣ್ಣ ಒತ್ತಡದ ನೀರಲ್ಲಿ ಹಿಂದಿನಿಂದ ಮುಂದಕ್ಕೆ ತೊಳೆದರೆ ಸಾಕು. ಜೋರು ಪ್ರೆಷರ್ ಹಿಡಿದರೆ ಕಾಗದದಷ್ಟು ತೆಳ್ಳಗಿರೋ ರೆಕ್ಕೆಗಳು ಮಡಚಿಕೊಂಡು ಇದ್ದ ದಾರಿಯೂ ಬಂದ್.

ಒಬ್ಬ ಸಾಹುಕಾರರು ಮೂರು ಬೇಸಿಗೆ ಬೇರೆ ಬೇರೆ ಕಡೆ ಗ್ಯಾಸ್ ತುಂಬಿಸಿ, ಕೊನೆಗೆ ಗಾಡಿ ಮಾರೋ ಮಾತಾಡ್ತಾ ನನ್ನ ಹತ್ತಿರ ಬಂದರು. ತೊಳೆದ ನೀರು ಅಂಗಳದಲ್ಲಿ ಹಾಲಿನ ಹಾಗೆ ಹರೀತು. ಅವರು ಕುರ್ಚಿಯಿಂದ ಎದ್ದು ಬಂದು ನೋಡಿ, “ಇದು ನಮ್ಮ ಕ್ವಾರಿನ ಐತಲ್ಲೋ ತಮ್ಮಾ” ಅಂದರು.

ಧೂಳಿನಿಂದ ಒಂದು ಉಪಕಾರವೂ ಇದೆ. ಗ್ಯಾಸಿಗೆ ಬಣ್ಣ ಇಲ್ಲ. ಆದರೆ ಕಂಪ್ರೆಸರ್‌ಗೆ ಬೇಕಾದ ಎಣ್ಣೆ ಗ್ಯಾಸಿನ ಜೊತೆಗೇ ಸುತ್ತುತ್ತೆ, ಸೋರಿದರೆ ಜೊತೆಗೇ ಹೊರಗೆ ಬರುತ್ತೆ. ನಮ್ಮ ಕಡೆಯ ಕೆಂಪು ಮಣ್ಣು ಆ ಎಣ್ಣೆಗೆ ಅಂಟಿಕೊಂಡು ಪೈಪಿನ ಜಾಯಿಂಟ್ ಮೇಲೆ ಕುಂಕುಮ ಇಟ್ಟ ಹಾಗೆ ಗುರುತು ಮಾಡಿರುತ್ತೆ. ಸೋಪಿನ ನೊರೆ ಹಚ್ಚಿ ನೈಟ್ರೋಜನ್ ತುಂಬಿ ನೋಡಿದರೆ ಸಾಮಾನ್ಯವಾಗಿ ಅಲ್ಲೇ ಗುಳ್ಳೆ ಏಳುತ್ತೆ.

ಈಗ ಮಹಾಕೂಟದ ಕಥೆಗೆ ಬರ್ತೀನಿ.

ಎರಡು ವರ್ಷದ ಹಿಂದೆ, ಮೇ ತಿಂಗಳು, ಮಧ್ಯಾಹ್ನ ಒಂದೂವರೆ. ಗುಡಿ ಹತ್ತಿರ ತೆಂಗಿನಕಾಯಿ ಅಂಗಡಿ ಇಟ್ಟಿರೋ ಕಾಕಾ ಫೋನ್ ಮಾಡಿದರು. “ಬೆಂಗ್ಳೂರ್ ಮಂದಿ ಬಂದಾರೋ. ಗಾಡಿ ಎಸಿ ಬಂದಾಗೇತಂತ. ವಯಸ್ಸಾದ ಅಮ್ಮಾರು ಅದಾರ, ಮುಖ ನೋಡಿದ್ರ ನನಗ ಅಂಜಿಕಿ ಬರಾಕತ್ತೈತಿ. ಲಗೂನ ಬಾ.” ಬಾದಾಮಿಯಿಂದ ಸುಮಾರು 14 ಕಿಲೋಮೀಟರ್. ಗೇಜ್, ಸ್ಕ್ಯಾನರ್ ಎರಡನ್ನೂ ಚೀಲಕ್ಕೆ ಹಾಕ್ಕೊಂಡು ಬೈಕ್ ಹತ್ತಿದೆ.

ಅಮ್ಮ ಮರದ ನೆರಳಲ್ಲಿ ಕಟ್ಟೆ ಮೇಲೆ ಕೂತಿದ್ದರು. ಎಪ್ಪತ್ತು ದಾಟಿದ ಜೀವ, ಎರಡು ತಿಂಗಳ ಹಿಂದೆ ಹೃದಯದ ಆಪರೇಷನ್ ಆಗಿತ್ತು. ಆಪರೇಷನ್ ಆದ ಮೇಲೆ ಮಹಾಕೂಟೇಶ್ವರನ ದರ್ಶನ ಮಾಡ್ತೀನಿ ಅಂತ ಹರಕೆ ಹೊತ್ತಿದ್ದರಂತೆ. ಎಸಿ ಗಾಡಿ ಇದೆ, ನಿಧಾನಕ್ಕೆ ಕರ್ಕೊಂಡು ಹೋಗಿ ಅಂತ ಡಾಕ್ಟರು ಒಪ್ಪಿದ್ದರು. ರೊಟ್ಟಿ ಬುಟ್ಟಿ ಹೊತ್ತು ಮಾರೋ ಅಕ್ಕ ಒಬ್ಬರು ಅವರಿಗೆ ಮಜ್ಜಿಗೆ ಕೊಟ್ಟು, ಸೆರಗಿನಿಂದ ಗಾಳಿ ಬೀಸ್ತಾ ಇದ್ದರು.

ಮಗ ಸಾಫ್ಟ್‌ವೇರ್ ಕೆಲಸದವರು, ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ಫೋನ್ ಕಿವಿಯಿಂದ ತೆಗೆದೇ ಇರಲಿಲ್ಲ. ಆ ಕಡೆ ಇದ್ದದ್ದು ಅವರು ಯಾವಾಗಲೂ ಗಾಡಿ ಬಿಡೋ ವರ್ಕ್‌ಶಾಪ್. ಲಕ್ಷಣ ಕೇಳಿ ಅಲ್ಲಿಂದ ಬಂದಿದ್ದ ತೀರ್ಪು: ಕಂಪ್ರೆಸರ್ ಹೋಗಿದೆ, ಗಾಡಿ ಓಡಿಸಬೇಡಿ, ಟ್ರಕ್ ಮೇಲೆ ಹೇರಿ ಹುಬ್ಬಳ್ಳಿಗೆ ಕಳಿಸಿ, ಹತ್ತಿರ ಹತ್ತಿರ ಎರಡು ಲಕ್ಷ ಆಗಬಹುದು. ಹುಬ್ಬಳ್ಳಿ ಇಲ್ಲಿಂದ ನೂರು ಕಿಲೋಮೀಟರ್ ಮೇಲೆ. ದುಡ್ಡಿನ ಚಿಂತೆ ಅವರಿಗಿದ್ದ ಹಾಗೆ ಕಾಣಲಿಲ್ಲ. ಟ್ರಕ್ ಬರೋವರೆಗೆ, ಆಮೇಲೆ ಬೇರೆ ಗಾಡಿ ಸಿಗೋವರೆಗೆ ತಾಯಿನ ಆ ಬಿಸಿಲಲ್ಲಿ ಏನು ಮಾಡೋದು ಅನ್ನೋದೇ ಚಿಂತೆ.

“ನೀವು ಗ್ಯಾಸ್ ತುಂಬೋರಲ್ವಾ? ಇದು ಕಂಪ್ರೆಸರ್ ಪ್ರಾಬ್ಲಮ್ಮು” ಅಂದರು ನನ್ನ ನೋಡಿ.

“ಇರ್ಲಿರಿ ಸರ್, ಒಂದ್ ಸಲ ನೋಡ್ತೀನ್ರಿ” ಅಂದೆ.

ಕಂಪ್ರೆಸರ್ ಹೋಗಿದೆ ಅಂತ ಅಷ್ಟು ದೂರದಿಂದ ಹೇಗೆ ಗೊತ್ತಾಯ್ತು ಅಂತ ಕೇಳಿದೆ. ಎಸಿ ಗುಂಡಿ ಒತ್ತಿದರೆ ‘ಟಕ್’ ಅಂತ ಸದ್ದು ಬರ್ತಿಲ್ಲ, ಅದಕ್ಕೆ ಅಂದರು. ಹಳೇ ಗಾಡಿಗಳಲ್ಲಿ ಕಂಪ್ರೆಸರ್ ಮುಂದೆ ಕ್ಲಚ್ ಇರುತ್ತೆ, ಅದು ಕಚ್ಚಿಕೊಂಡಾಗ ಆ ಸದ್ದು. ಆದರೆ ಈಗಿನ ಬಹಳಷ್ಟು ದುಬಾರಿ ಗಾಡಿಗಳಲ್ಲಿ ಆ ಕ್ಲಚ್ಚೇ ಇಲ್ಲ. ಎಂಜಿನ್ ಜೊತೆ ಕಂಪ್ರೆಸರ್ ಸದಾ ತಿರುಗ್ತಾ ಇರುತ್ತೆ. ಎಷ್ಟು ಹಿಂಡಬೇಕು ಅಂತ ಒಂದು ಪುಟ್ಟ ವಾಲ್ವಿಗೆ ಕಂಪ್ಯೂಟರ್ ಹೇಳುತ್ತೆ. ಈ ಗಾಡಿಯದ್ದೂ ಅದೇ ಜಾತಿ. ಸದ್ದು ಬಾರದೇ ಇರೋದೇ ಅದರ ಸಹಜ ಗುಣ.

ಗೇಜ್ ಹಾಕಿದೆ. ಆ ಬಿಸಿಲಿಗೆ ಎಷ್ಟು ಬೇಕೋ ಅಷ್ಟು ಒತ್ತಡ ಇತ್ತು. ಎಂಜಿನ್ ಚಾಲೂ ಮಾಡಿ ಎಸಿ ಹಾಕಿದರೂ ಎರಡೂ ಮುಳ್ಳು ಅಲ್ಲಾಡಲಿಲ್ಲ. ಅಂದರೆ ಗ್ಯಾಸ್ ಇದೆ, ಯಾರೂ ಅದನ್ನ ಹಿಂಡ್ತಿಲ್ಲ. ಇಲ್ಲಿಗೆ ನಿಲ್ಲಿಸಿದರೆ ವರ್ಕ್‌ಶಾಪಿನವರ ಮಾತೇ ನಿಜ ಅನ್ನಿಸುತ್ತೆ. ಸ್ಕ್ಯಾನರ್ ಚುಚ್ಚಿ, ಕಂಪ್ರೆಸರ್‌ಗೆ ಎಷ್ಟು ಕೆಲಸ ಹೇಳಿದ್ದೀಯ ಅಂತ ಕಂಪ್ಯೂಟರನ್ನ ಕೇಳಿದೆ. ಸೊನ್ನೆ. ಆಳು ಸತ್ತಿರಲಿಲ್ಲ. ಯಾರೂ ಅವನನ್ನ ಕೆಲಸಕ್ಕೆ ಕರೆದೇ ಇರಲಿಲ್ಲ.

ಯಾಕೆ ಕರೀತಿಲ್ಲ ಅಂತ ಮುಂದಿನ ಸಾಲು ನೋಡೋ ಹೊತ್ತಿಗೆ, ಹಿಂದಿನ ಸೀಟಿನಲ್ಲಿ ಬೆವರ್ತಾ ಕೂತಿದ್ದ ಹತ್ತು ಹನ್ನೆರಡು ವರ್ಷದ ಮೊಮ್ಮಗ, “ಅಂಕಲ್, ಈ ಕಾರಿಗೆ ಹುಚ್ಚು ಹಿಡಿದಿದೆ. ನಾನು ಅಮ್ಮನ ಫೋನಿಂದ ಸ್ಟೇಟಸ್ ಹಾಕಿದೀನಿ ನೋಡಿ” ಅಂತ ಫೋನ್ ತೋರಿಸಿದ. ಡ್ಯಾಶ್‌ಬೋರ್ಡ್ ಫೋಟೋ. ಹೊರಗಿನ ಉಷ್ಣತೆ ಮೈನಸ್ 40 ಡಿಗ್ರಿ. ಕೆಳಗೆ ಹುಡುಗ ಬರೆದಿದ್ದ: ‘ಹುನಗುಂದದಲ್ಲಿ ಹಿಮಪಾತ.’ ಅಷ್ಟು ಬೆವರಲ್ಲೂ ನನಗೆ ನಗು ಬಂತು. ಸೆಂಟಿಗ್ರೇಡಲ್ಲೂ ಫ್ಯಾರನ್‌ಹೀಟಲ್ಲೂ ಒಂದೇ ಅಂಕಿ ಬರೋದು ಇದೊಂದೇ ಜಾಗದಲ್ಲಿ.

“ಇದು ಯಾವಾಗಿಂದ ಹಿಂಗ್ ತೋರಿಸಾಕತ್ತೈತಿ?” ಅಂತ ಹುಡುಗನನ್ನೇ ಕೇಳಿದೆ. ಹನ್ನೊಂದು ಗಂಟೆಗೆ, ಹೈವೇಲಿ ಒಂದು ದೊಡ್ಡ ಗುಂಡಿಗೆ ಇಳಿದು ಎದ್ದ ಮೇಲೆ ಅಂದ. ಎಸಿ ನಿಂತಿದ್ದೂ ಅದೇ ಹೊತ್ತಿಗೆ. ಮಗನನ್ನ ಕೇಳಿದೆ, “ಸರ್, ಮುಂದಿನ ಬಂಪರ್ ಏನಾದ್ರೂ ಬಿಚ್ಚಿಸಿದ್ರೇನ್ರಿ?” ಅವರು ಫೋನ್ ಕೆಳಗಿಟ್ಟರು. ಹೋದ ವಾರ ಯಾರೋ ತಾಗಿಸಿ, ಬಂಪರ್ ಬಿಚ್ಚಿ ಬಣ್ಣ ಮಾಡಿಸಿದ್ದರಂತೆ.

ಹೊರಗಿನ ಉಷ್ಣತೆ ಅಳೆಯೋ ಸೆನ್ಸರ್ ಸಾಮಾನ್ಯವಾಗಿ ಮುಂದಿನ ಬಂಪರ್ ಹಿಂದೆ ಗಾಳಿ ತಾಗೋ ಜಾಗದಲ್ಲಿ ಕೂತಿರುತ್ತೆ. ಬಟಾಣಿ ಗಾತ್ರದ ವಸ್ತು. ಚಳಿ ಹೆಚ್ಚಾದಷ್ಟೂ ಅದರೊಳಗಿನ ವಿದ್ಯುತ್ ತಡೆ ಹೆಚ್ಚಾಗುತ್ತೆ. ವೈರೇ ಕಳಚಿಕೊಂಡರೆ? ತಡೆ ಮಿತಿಯೇ ಇಲ್ಲದಷ್ಟು. ಕಂಪ್ಯೂಟರ್ ಅದನ್ನ ಲೆಕ್ಕ ಹಾಕಿ, ಹೊರಗೆ ಭಯಂಕರ ಚಳಿ ಇದೆ ಅಂತ ತಿಳೀತು. ಅಂಥ ಚಳಿಯಲ್ಲಿ ಕಂಪ್ರೆಸರ್ ನಡೆಸಿದರೆ ಅದಕ್ಕೇ ಪೆಟ್ಟು, ಹಾಗಾಗಿ ನಡೆಸಬೇಡ ಅಂತ ಅದಕ್ಕೆ ಮೊದಲೇ ಪಾಠ ಹೇಳಿರ್ತಾರೆ. ಪಾಠದ ಪ್ರಕಾರ ಸರಿಯಾಗೇ ನಡ್ಕೊಂಡಿದೆ. ಎಲ್ಲ ಗಾಡಿಗಳೂ ಹೀಗೆ ಪೂರ್ತಿ ಬಾಗಿಲು ಹಾಕಲ್ಲ, ಕೆಲವು ಅನುಮಾನ ಬಂದರೆ ಬೇರೆ ಅಂದಾಜು ಹಿಡಿದು ನಡೀತಾವೆ. ಇದು ಶಿಸ್ತಿನ ಗಾಡಿ.

ಎಸ್‌ಯುವಿ ಎತ್ತರ ಇರೋದರಿಂದ ಜಾಕ್ ಇಲ್ಲದೇ ಕೆಳಗೆ ತೂರಿದೆ. ನೆಲ ಹೆಂಚಿನ ಹಾಗೆ ಕಾದಿತ್ತು. ಗಾಡಿ ಕೆಳಗೆ ಹಾಸಿಕೊಳ್ಳೋಕೆ ತೆಂಗಿನಕಾಯಿ ಕಾಕಾ ಗೋಣಿಚೀಲ ಕೊಟ್ಟರು. ಕೆಳಗಿನ ತಗಡು ಸರಿಸಿ ಕೈ ಹಾಕಿದೆ. ಪ್ಲಗ್ ಜೋತಾಡ್ತಾ ಇತ್ತು. ಬಣ್ಣ ಮಾಡಿದವರು ಕ್ಲಿಪ್ ಕೂರುವಷ್ಟು ಒತ್ತಿರಲಿಲ್ಲ. ಬೆಂಗಳೂರಿನಿಂದ ಹುನಗುಂದದವರೆಗೆ ಹೇಗೋ ಹಿಡ್ಕೊಂಡು ಬಂದು ಆ ಗುಂಡಿಯಲ್ಲಿ ಕೈಬಿಟ್ಟಿದೆ. ಒತ್ತಿದೆ, ‘ಕ್ಲಿಕ್’ ಅಂತು.

ಆದರೂ ಮೈನಸ್ 40 ಹೋಗಲಿಲ್ಲ. ಮಗನ ಮುಖ ಮತ್ತೆ ಬಾಡಿತು. ಇಗ್ನಿಷನ್ ಪೂರ್ತಿ ಬಂದ್ ಮಾಡಿ, ಗಾಡಿ ಲಾಕ್ ಮಾಡಿ, ಐದು ನಿಮಿಷ ಬಿಟ್ಟು ಮತ್ತೆ ತೆಗೆಸಿದೆ. 41 ಡಿಗ್ರಿ. ಎಸಿ ಹಾಕಿದಾಗ ಗೇಜಿನ ಮುಳ್ಳುಗಳು ಒಂದು ಕೆಳಗೆ, ಒಂದು ಮೇಲೆ ನಿಧಾನಕ್ಕೆ ದೂರ ಸರಿದವು. ಗಾಳಿ ಬರೋ ಬಾಯಿಗೆ ಥರ್ಮಾಮೀಟರ್ ಇಟ್ಟೆ. 36, 29, 20. ಹತ್ತು ನಿಮಿಷಕ್ಕೆ 11. ಆಮೇಲೆ ಅಮ್ಮನ್ನ ಕರ್ಕೊಂಡು ಬಂದು ಕೂರಿಸಿದರು. ಒಂದೇ ಸಲ ಮುಖಕ್ಕೆ ಹೊಡೆಯೋದು ಬೇಡ ಅಂತ ಗಾಳಿಯನ್ನ ಕಾಲ ಕಡೆ ತಿರುಗಿಸಿ 25ಕ್ಕೆ ಇಟ್ಟೆ. ಅವರು ಕಣ್ಣು ಮುಚ್ಚಿ ಒಂದು ದೊಡ್ಡ ಉಸಿರು ಬಿಟ್ಟರು.

ಎಷ್ಟಾಯ್ತು ಅಂದರು ಮಗ. ಬಂದು ಹೋಗೋ ಪೆಟ್ರೋಲು, ಕೆಲಸ ಎಲ್ಲ ಸೇರಿ ಎಂಟುನೂರು ಅಂದೆ. “ಒಂದು ಪ್ಲಗ್ ಸಿಗಿಸಿದ್ದಕ್ಕೆ ಎಂಟುನೂರಾ?” ಅಂತ ಅವರ ಬಾಯಿಂದ ಬಂದೇ ಬಿಟ್ಟಿತು. ಅವರು ಕೆಟ್ಟವರಲ್ಲ. ಅರ್ಧ ಗಂಟೆ ಹಿಂದೆ ಎರಡು ಲಕ್ಷಕ್ಕೆ ಹೂಂ ಅಂದಿದ್ದವರು. ಭಾಗ ಹಾಕಿದರೆ ಬಿಲ್ ಮೇಲೆ ಕಾಣುತ್ತೆ, ಹುಡುಕಿದ್ದು ಕಾಣಲ್ಲ. ಒಳಗಿಂದ ಅಮ್ಮ ಕಣ್ಣು ಬಿಡದೇ, “ಕೊಡೋ, ಆ ನೆಲದ ಮೇಲೆ ನೀನು ಮಲಗಿ ನೋಡು” ಅಂದರು. ಅವರು ಸಾವಿರ ಕೊಟ್ಟರು. ಇನ್ನೂರು ನಾನು ವಾಪಸ್ ಕೊಟ್ಟೆ. ಅಮ್ಮ ಅದನ್ನ ಮಜ್ಜಿಗೆ ಅಕ್ಕನಿಗೆ ಕೊಡಿಸಿದರು.

ಇದನ್ನ ಅಂಗಡಿಯಲ್ಲಿ ಹೇಳಿದಾಗ ನಮ್ಮ ಅಪ್ಪ ನಗಲಿಲ್ಲ. ಅಪ್ಪ ಪಂಪ್‌ಸೆಟ್ ಮೋಟಾರ್ ಕಟ್ಟೋ ಕೆಲಸದವರು. “ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದ್ರಂತ. ಇದು ಅದ ಆತು” ಅಂದರು. ಒಂದು ಕ್ಷಣ ಬಿಟ್ಟು, “ಆದ್ರ ಬರಿ ಹಾಕಿದಾಂವ ಎರಡ್ ಲಕ್ಷ ಇಸ್ಕೊಂತಿದ್ದ, ನೀ ಎಂಟುನೂರು ಇಸ್ಕೊಂಡಿ” ಅಂದರು. ನನ್ನ ಗ್ಯಾಸ್ ಯಂತ್ರ ಬ್ಯಾಂಕ್ ಸಾಲದ್ದು. ಹಳೇ ಗ್ಯಾಸ್ ಎಳೆದುಕೊಂಡು, ಶುದ್ಧ ಮಾಡಿ, ತೂಕ ಹಾಕಿ ತುಂಬೋ ಯಂತ್ರ. ತಿಂಗಳ ಕಂತು ಹನ್ನೊಂದು ಸಾವಿರ ಚಿಲ್ಲರೆ. ಪ್ಲಗ್ ಒತ್ತಿ ಆ ಕಂತು ಕಟ್ಟೋಕೆ ಎಷ್ಟು ಪ್ಲಗ್ ಬೇಕು ಅಂತ ಅಪ್ಪನ ಲೆಕ್ಕ. ಆ ಲೆಕ್ಕ ತಪ್ಪು ಅಂತ ಹೇಳೋಕೆ ನನಗೂ ಆಗಲಿಲ್ಲ.

ಪ್ಲಗ್ಗಿನಂಥ ಸಣ್ಣ ಕಾರಣಗಳು ಎಷ್ಟೋ. ಆಟೋಮ್ಯಾಟಿಕ್ ಎಸಿ ಇರೋ ಗಾಡಿಗಳಲ್ಲಿ ಡ್ಯಾಶ್‌ಬೋರ್ಡ್ ಮೇಲೆ, ಗಾಜಿನ ಬುಡದಲ್ಲಿ, ಬಿಸಿಲು ಅಳೆಯೋ ಸೆನ್ಸರ್ ಒಂದು ಸಣ್ಣ ಗುಮ್ಮಟದ ಹಾಗೆ ಇರುತ್ತೆ. ಸರಿಯಾಗಿ ಅದರ ಮೇಲೇ ಗಣಪತಿ ಕೂರಿಸ್ತಾರೆ, ಇಲ್ಲ ಟವೆಲ್ ಹಾಸ್ತಾರೆ. ಗಾಡಿಗೆ ಬಿಸಿಲೇ ಕಾಣಲ್ಲ, ತಂಪು ಸ್ವಲ್ಪ ಕಡಿಮೆ ಕೊಡುತ್ತೆ. ಗಣಪತಿಯನ್ನ ನಾಲ್ಕು ಇಂಚು ಸರಿಸಿ ಅಂತ ಹೇಳೋಕೂ ಒಂದು ನಯ ಬೇಕು. ಬನಶಂಕರಿ ಜಾತ್ರೆ ಮುಗಿದ ವಾರ ಬಂದ ಒಂದು ಗಾಡಿಯಲ್ಲಿ ಹಿಂದಿನ ಸೀಟಿಗೆ ಮಾತ್ರ ಗಾಳಿ ಇರಲಿಲ್ಲ. ಹಿಂದಿನವರಿಗೆ ಅಂತ ಬೇರೆಯೇ ಕೂಲಿಂಗ್ ಕಾಯಿಲ್, ಬೇರೆಯೇ ಬ್ಲೋವರ್ ಇರುತ್ತೆ. ಬಿಚ್ಚಿದರೆ ಬ್ಲೋವರ್ ತುಂಬ ಚುರುಮುರಿ. ನಾಟಕ ನೋಡಿ ಬರ್ತಾ ಮಕ್ಕಳು ಗಾಳಿ ಬಾಯಿಗೆ ಒಂದೊಂದಾಗಿ ತುರುಕಿದ್ದವು. ಡ್ರೈವರ್ ಕಡೆ ತಂಪು, ಪಕ್ಕದವರಿಗೆ ಬಿಸಿ ಅಂತ ಬಂದರೆ ಒಳಗಿನ ಪುಟ್ಟ ಬಾಗಿಲು ತಿರುಗಿಸೋ ಮೋಟಾರ್ ಮೇಲೆ ಅನುಮಾನ, ಇಲ್ಲ ಗ್ಯಾಸ್ ಅರ್ಧ ಆಗಿರೋದರ ಮೇಲೆ. ತಿಂಗಳುಗಟ್ಟಲೆ ಶೆಡ್‌ನಲ್ಲಿ ನಿಂತ ಗಾಡಿಯಾದರೆ ಮೊದಲು ಇಲಿ ಕಡಿದ ವೈರ್ ಹುಡುಕ್ತೀನಿ.

ಹಾಗಂತ ಎಲ್ಲಾ ಸಣ್ಣದೇ ಅಂತ ಅಲ್ಲ. ಕಂಪ್ರೆಸರ್ ನಿಜವಾಗಿ ಸಾಯುತ್ತೆ. ಸತ್ತರೆ ಒಬ್ಬನೇ ಸಾಯಲ್ಲ. ಒಳಗೆ ಸವೆದ ಲೋಹದ ಪುಡಿ ಗ್ಯಾಸಿನ ಜೊತೆ ಎಲ್ಲಾ ಕಡೆ ಓಡುತ್ತೆ. ಈಗಿನ ಕಂಡೆನ್ಸರಿನ ಒಳದಾರಿಗಳು ಎಷ್ಟು ಸಣ್ಣ ಅಂದರೆ, ಒಮ್ಮೆ ಪುಡಿ ಹೊಕ್ಕರೆ ತೊಳೆದು ತೆಗೆಯೋಕಾಗಲ್ಲ. ಕಂಪ್ರೆಸರ್ ಜೊತೆ ಕಂಡೆನ್ಸರ್, ಡ್ರೈಯರ್, ಎಕ್ಸ್‌ಪ್ಯಾನ್ಷನ್ ವಾಲ್ವ್ ಎಲ್ಲಾ ಬದಲಿಸಬೇಕು, ಉಳಿದ ಪೈಪು ತೊಳೀಬೇಕು, ಅರ್ಧ ಗಂಟೆಯಾದರೂ ವ್ಯಾಕ್ಯೂಮ್ ಹಿಡಿದು ಒಳಗಿನ ತೇವ ಎಳೀಬೇಕು. ಹೋದ ವರ್ಷ ಒಬ್ಬರು ಗುಜರಿಯಿಂದ ಹಳೇ ಕಂಪ್ರೆಸರ್ ತಂದು, ಅದೊಂದನ್ನೇ ಕೂರಿಸು ಅಂದರು. ಬಿಚ್ಚಿದ ಪೈಪಿನಲ್ಲಿ ಬಟ್ಟೆ ಹಾಕಿ ಒರೆಸಿ ತೋರಿಸಿದೆ. ಬಟ್ಟೆ ಮೇಲೆ ಬೆಳ್ಳಿ ಪುಡಿ ಮಿನುಗ್ತಿತ್ತು. “ಇದು ಹೊಸ ಕಂಪ್ರೆಸರ್‌ನ ತಿಂತೈತ್ರಿ” ಅಂದೆ. “ಅದು ನನ್ನ ತಾಪತ್ರಯ, ನೀ ಕೂಡ್ಸು” ಅಂದರು. ನಾನು ಕೂರಿಸಲಿಲ್ಲ. ಕೂಲಿ ಎಂಟು ಸಾವಿರ ಸಿಗ್ತಿತ್ತು. ಆ ತಿಂಗಳ ಕಂತು ಅಪ್ಪನ ಹತ್ತಿರ ಸಾಲ ತಗೊಂಡು ಕಟ್ಟಿದೆ. ಆಗಲೂ ಅಪ್ಪ ಏನೂ ಅನ್ನಲಿಲ್ಲ, ದುಡ್ಡು ಎರಡು ಸಲ ಎಣಿಸಿ ಕೊಟ್ಟರು.

ಇನ್ನೊಂದು ವಿಷಯದಲ್ಲಿ ನನಗೆ ನಿಜವಾಗಿ ಭಯ. ಅಗ್ಗದ ಡಬ್ಬಿಗಳಲ್ಲಿ ಆರ್134ಎ ಅಂತ ಹೆಸರು, ಒಳಗೆ ಅಡುಗೆ ಗ್ಯಾಸಿನ ಜಾತಿಯ ಬೆರಕೆ. ತಂಪು ಕೊಡುತ್ತೆ, ಸುಳ್ಳಲ್ಲ. ಆದರೆ ಅದು ಧಗ್ ಅಂತ ಹತ್ತಿಕೊಳ್ಳೋ ವಸ್ತು, ಕೂಲಿಂಗ್ ಕಾಯಿಲ್ ಸೋರಿದರೆ ನೇರ ನೀವು ಕೂತ ಜಾಗಕ್ಕೇ ಬರುತ್ತೆ. ನಿಂತ ಗಾಡಿಯ ಒತ್ತಡ ಆ ಹೊತ್ತಿನ ಉಷ್ಣತೆಗೆ ಹೊಂದದಿದ್ದರೆ ನಾನು ಯಂತ್ರದ ಪೈಪನ್ನೇ ಜೋಡಿಸಲ್ಲ. ಬೆರಕೆ ಗ್ಯಾಸ್ ಯಂತ್ರದೊಳಗೆ ಹೋದರೆ ಮುಂದಿನ ಹತ್ತು ಗಾಡಿಗೂ ಅದೇ ಹೋಗುತ್ತೆ. ಎಲ್ಲಿ ತುಂಬಿಸಿದರೂ ಡಬ್ಬಿ ನೋಡಿ, ಬಿಲ್ಲಿನಲ್ಲಿ ಎಷ್ಟು ಗ್ರಾಂ ಅಂತ ಬರೆಸಿಕೊಳ್ಳಿ.

ಗಾಡಿ ತೋರಿಸೋಕೆ ಹೋದಾಗ “ಗ್ಯಾಸ್ ತುಂಬಿ” ಅನ್ನೋದರ ಬದಲು ಆ ಹುಡುಗನ ಥರ ಹೇಳಿ: ಯಾವಾಗಿಂದ, ಏನಾದ ಮೇಲೆ, ನಿಂತಾಗಲೋ ಓಡುವಾಗಲೋ, ಯಾವ ಸೀಟಿಗೆ. ಅದಕ್ಕೂ ಮೊದಲು ಏನೇನು ಬಿಚ್ಚಿಸಿದ್ದಿರಿ. ಡ್ಯಾಶ್‌ಬೋರ್ಡ್ ಏನಾದರೂ ವಿಚಿತ್ರ ತೋರಿಸಿದರೆ ಒಂದು ಫೋಟೋ.

ಮೊನ್ನೆ ಪಟ್ಟದಕಲ್ಲಿಗೆ ಹೊರಟಿದ್ದ ಒಂದು ಹೊಸ ವಿದೇಶಿ ಗಾಡಿ ಬಂತು. ಮುಂದೆ ಕಲ್ಲು ಸಿಡಿದು ಕಂಡೆನ್ಸರ್ ಸೋರ್ತಿತ್ತು. ಬಾನೆಟ್ ಎತ್ತಿ ಚೀಟಿ ಓದಿದೆ: ಆರ್1234ವೈಎಫ್. ವಾತಾವರಣ ಬಿಸಿ ಮಾಡೋದರಲ್ಲಿ ಹಳೇ ಆರ್134ಎ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರದ ನಾನೂರು ಪಟ್ಟು ಜೋರು. ಇದು ಅದರ ಮುಂದೆ ಏನೂ ಅಲ್ಲ. ಯುರೋಪಿನಲ್ಲಿ 2017ರಿಂದ ಹೊಸ ಕಾರುಗಳಿಗೆ ಹಳೇ ಗ್ಯಾಸ್ ಹಾಕೋ ಹಾಗಿಲ್ಲ. ನಮ್ಮ ದೇಶವೂ ಕಿಗಾಲಿ ಒಪ್ಪಂದಕ್ಕೆ 2021ರಲ್ಲಿ ಒಪ್ಪಿದೆ, 2032ರಿಂದ ಇಂಥ ಗ್ಯಾಸುಗಳನ್ನ ಹಂತ ಹಂತವಾಗಿ ಕಡಿಮೆ ಮಾಡಬೇಕು. ಹೊಸ ಗ್ಯಾಸಿಗೆ ಬೇರೆಯೇ ಯಂತ್ರ ಬೇಕು, ಪೈಪಿನ ಬಾಯಿಯೂ ಬೇರೆ ಅಳತೆ, ಬೆಲೆಯಂತೂ ಕೇಳಬೇಡಿ. ಹಳೇದನ್ನೇ ತುಂಬಿ ಕಳಿಸು ಅಂತ ಅವರ ಡ್ರೈವರ್ ಎರಡು ಸಲ ಅಂದ. ಕಿಟಕಿ ಇಳಿಸಿಕೊಂಡು, ಬೆಳಗಿನ ತಂಪಲ್ಲಿ ಹೊರಡಿ ಅಂತ ಹೇಳಿ ಹುಬ್ಬಳ್ಳಿಗೆ ಕಳಿಸಿದೆ.

ಹಳೇ ಯಂತ್ರದ ಕಂತು ಇನ್ನೂ ಹದಿನಾಲ್ಕು ಇದೆ. ಹೊಸದಕ್ಕೆ ಬ್ಯಾಂಕಿನಲ್ಲಿ ಅರ್ಜಿ ಕೊಟ್ಟಿದ್ದೀನಿ. ಇಂಥ ಗಾಡಿ ನಿಮ್ಮೂರಿಗೆ ತಿಂಗಳಿಗೆ ಎಷ್ಟು ಬರ್ತಾವೆ ಅಂತ ಮ್ಯಾನೇಜರು ಲೆಕ್ಕ ಕೇಳಿದ್ದಾರೆ. ಮೊನ್ನೆಯಿಂದ ಅಪ್ಪ ಅಂಗಡಿ ಮುಂದೆ ಕುರ್ಚಿ ಹಾಕ್ಕೊಂಡು, ಮಹಾಕೂಟದ ಕಡೆ ಹೋಗೋ ದೊಡ್ಡ ಗಾಡಿಗಳನ್ನ ಒಂದು ಹಳೇ ಡೈರಿಯಲ್ಲಿ ಗೀಟು ಹಾಕಿ ಎಣಿಸ್ತಾ ಇದ್ದಾರೆ.